ಚೀಲದ ಮ್ಯಾಲಿನ ಅಂಕಿ

ನಮ್ಮ ಕಣದಾಗ ಜೋಳದ ರಾಶಿ ಅಳೆಯುವಾಗ 'ಒಂದು' ಅಂತ ಯಾರೂ ಅಂತಿರಲಿಲ್ಲ. ಮೊದಲನೇ ಅಳತಿ ತುಂಬಿ ಚೀಲಕ್ಕ ಸುರಿಯುವಾಗ ಅಳೆಯುವವ 'ಲಾಭ' ಅಂತ ಕೂಗತಿದ್ದ. ಆಮ್ಯಾಲೆ ಎರಡು, ಮೂರು, ನಾಕು. ನಾನು ಸಣ್ಣವ ಇದ್ದಾಗ ಅಪ್ಪನ್ನ ಕೇಳಿದ್ದೆ, "ಯಪ್ಪಾ, ಒಂದು ಎಲ್ಲಿ ಹೋತು?" ಅಪ್ಪ ನಕ್ಕು, "ಒಂದು ಅಂದ್ರ ಒಂಟಿ ಆಗತೈತಿ, ಲಾಭ ಅಂದ್ರ ಮನಿ ತುಂಬತೈತಿ" ಅಂದಿದ್ದ.

ಹಿಂಗ ನಮ್ಮ ಹಿರಿಯರು ಅಂಕಿಯ ಜಾಗದಾಗ ಒಂದು ಒಳ್ಳೆ ಹೆಸರು ಇಟ್ಟಿದ್ದರು. ಈಗ ಕಾಲ ತಿರುಗಿ ಹೆಸರಿನ ಜಾಗದಾಗ ಅಂಕಿ ಬಂದು ಕುಂತಿದೆ. ಅಂಗಡಿಗೆ ಹೋದರೆ ಯಾರೂ ಗೊಬ್ಬರದ ಹೆಸರು ಹೇಳೋದಿಲ್ಲ. "ಹತ್ತು-ಇಪ್ಪತ್ತಾರು ಕೊಡ್ರಿ", "ಹತ್ತೊಂಬತ್ತರದ್ದು ಬಂದೈತೇನು?" ಅಂತಾರೆ. ಕಬ್ಬಿಗೂ ಅಂಕಿ, ಸಿಮೆಂಟಿಗೂ ಅಂಕಿ, ಬಂಗಾರಕ್ಕೂ ಅಂಕಿ.

ವಾಚನಾಲಯದವರು "ಪುಸ್ತಕಕ್ಕ ಒಂದು ಇತಿಹಾಸದ ಲೇಖನ ಬರೆದು ಕೊಡ್ರಿ" ಅಂದಾಗ ನಾನು ಹಿಂದೆ ಸರಿದೆ. ಡಫಳೆ ಸಂಸ್ಥಾನದ ಇತಿಹಾಸ, ಗುಡಿಯ ಶಾಸನದ ಇತಿಹಾಸ ನಮ್ಮ ಮಾಸ್ತರ್ರು ಬರೆಯುವರು. ನಾನು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವ, ಹೊಲ ಮಾಡೋದು, ಹಂತಿ ಪದ, ಗೀಗೀ ಪದ ಹಾಡೋದು ಗೊತ್ತು. ಆದರೆ ಒಂದು ಇತಿಹಾಸ ಮಾತ್ರ ನಾನೇ ಬರೀಬೇಕು. ಯಾಕಂದ್ರೆ ಅದರಾಗ ನನ್ನ ತಪ್ಪೂ ಐತಿ. ಅದು ಚೀಲದ ಮ್ಯಾಲಿನ ಅಂಕಿಯ ಇತಿಹಾಸ.

ಅಂಕಿ ಇಲ್ಲದ ಕಾಲ

ನಮ್ಮಜ್ಜನ ಕಾಲದಾಗ ಗೊಬ್ಬರಕ್ಕ ಅಂಕಿ ಇರಲಿಲ್ಲ, ಎಣಿಕಿ ಇತ್ತು. ತಿಪ್ಪಿ ಗೊಬ್ಬರ ಎಷ್ಟು ಬಂಡಿ ಹೊಡೆದರು, ಕುರುಬರ ಕುರಿ ಹೊಲದಾಗ ಎಷ್ಟು ರಾತ್ರಿ ಕೂಡ್ರಿಸಿದರು, ಅಷ್ಟೇ ಲೆಕ್ಕ. ಗೊಬ್ಬರ ಚಲೋ ಐತೋ ಇಲ್ಲೋ ಅನ್ನೋದನ್ನ ಕೈಯಾಗ ಹಿಡಿದು, ವಾಸನಿ ನೋಡಿ ಹೇಳತಿದ್ದರು. ಬೀಜಕ್ಕೂ ಹಂಗೇ. ರಾಶಿಗೆ ಮುಂಚೆ ಹೊಲದಾಗ ತಿರುಗಾಡಿ ದಪ್ಪ ತೆನಿ ಆರಿಸಿ ತಂದು ಅಟ್ಟದ ಮ್ಯಾಲೆ ಕಟ್ಟತಿದ್ದರು.

ಅಂಕಿಯ ಹೆಸರು ನಮ್ಮ ಸೀಮೆಗೆ ಮೊದಲು ಬಂದದ್ದು ಬೀಜದ ಜೊತೆಗೆ. ನಾವು ತಿನ್ನುವ ಬಿಳಿಜೋಳ ಮಾಲದಂಡಿ. ಹಳೇ ನಾಡತಳಿ ಅದು. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಾಗ 1930ರ ದಶಕದಲ್ಲಿ ಆ ನಾಡತಳಿಯೊಳಗಿಂದ ಚಲೋ ಸಾಲು ಆರಿಸಿ ತೆಗೆದರು. ಅದಕ್ಕ ಎಂ 35-1 ಅಂತ ಹೆಸರಿಟ್ಟರು. ಈ 35-1 ಅಂದ್ರೆ ಎಕರೆಗೆ 35 ಚೀಲ ಅಲ್ಲ, 35 ದಿವಸಕ್ಕ ಬರೋದೂ ಅಲ್ಲ. ಆರಿಸುವಾಗ ತಮ್ಮ ಗುರುತಿಗೆ ಹಾಕಿಕೊಂಡ ನಂಬರು, ಅಷ್ಟೇ. ಸಂತಿಯೊಳಗ ದನಕ್ಕ ಬಣ್ಣದ ಗುರುತು ಹಾಕತೀವಲ್ಲ, ಹಂಗ. ಬಣ್ಣ ನೋಡಿ ಎತ್ತಿನ ಶಕ್ತಿ ಹೇಳಲಿಕ್ಕೆ ಬರತದೇನು?

1964ರಲ್ಲಿ ದೇಶದ ಮೊದಲ ಹೈಬ್ರೀಡ ಜೋಳ ಬಂತು, ಸಿಎಸ್ಎಚ್-1. ಇಲ್ಲಿಯ '1' ಅಂದ್ರೆ ಮೊದಲನೇದು ಅಂತ. ನಮ್ಮ ಮಂದಿ ಅದನ್ನ 'ಒಂದನೇ ನಂಬರಿನ ಮಾಲು' ಅಂತ ತಿಳಕೊಂಡರು. ಮುಂದೆ 5 ಬಂತು, 9 ಬಂತು. ಆವಾಗ "ನಂಬರ ಏರಿದಂಗ ಇಳುವರಿ ಏರತದ" ಅನ್ನೋ ಮಾತು ಹುಟ್ಟಿತು. ಆದರೆ ಆ ಹೈಬ್ರೀಡ ಮುಂಗಾರಿಗೆ ಮಾಡಿದ್ದು, ನಮ್ಮ ಮಾಲದಂಡಿ ಹಿಂಗಾರಿ ಬೆಳಿ. ಅಂಕಿ ಹಂಗಾಮ ಹೇಳೋದಿಲ್ಲ, ಮಣ್ಣು ಹೇಳೋದಿಲ್ಲ, ರೊಟ್ಟಿಯ ರುಚಿ ಹೇಳೋದಿಲ್ಲ. ಇವತ್ತಿಗೂ ಕರಿ ಭೂಮಿಯ ಹಿಂಗಾರಿಗೆ ನಮ್ಮ ಕಡೆ ಮಾಲದಂಡಿಯೇ ಬೇಕು. ಎಂಬತ್ತು ವರ್ಷದ ಮ್ಯಾಲಾದ ಹಳೇ ನಂಬರು ಅದು.

ಕಬ್ಬಿನ ಮಾತೂ ಇಷ್ಟೇ. ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಕೇಂದ್ರ ಆಯ್ತು. ಅಲ್ಲಿ ಹುಟ್ಟಿದ ಕಬ್ಬಿಗೆ ಊರಿನ ಹೆಸರಿನ ಮೊದಲ ಅಕ್ಷರ ಹಿಡಿದು 'ಕೋ' ಅಂತ ಸೇರಿಸಿ ನಂಬರು ಕೊಟ್ಟರು. ಮೊದಲು ಹೆಸರಾದದ್ದು ಕೋ 205. ನಮ್ಮ ಕಡೆ ಬಹಳ ವರ್ಷ ಕೋ 740 ನಡೀತು, ಆಮ್ಯಾಲೆ ಕೋ 86032 ಬಂತು. ಎಂಬತ್ತಾರು ಸಾವಿರದ ಮೂವತ್ತೆರಡು ಅಂದ್ರೆ ಎಷ್ಟು ದೊಡ್ಡ ಕಬ್ಬು ಇರಬೇಕು ಅಂತ ಬೆರಗಾದವರು ಇದ್ದರು. ಅದು 86ನೇ ಇಸವಿಯ 32ನೇ ನಂಬರು, ಅಷ್ಟೇ. ಶಾಲೆಯ ಹಾಜರಿ ಪುಸ್ತಕದಾಗ ಹುಡುಗನ ನಂಬರು ಇದ್ದಂಗ. ಹಾಜರಿ ನಂಬರು 40 ಇದ್ದವ ನಂಬರು 4 ಇದ್ದವನಿಗಿಂತ ಹತ್ತುಪಟ್ಟು ಶ್ಯಾಣ್ಯಾ ಅಲ್ಲ.

ಗೊಬ್ಬರದ ಅಂಕಿ ಹುಟ್ಟಿದ್ದು ಯಾಕೆ

ಬೀಜದ ಅಂಕಿ ಬರೀ ಗುರುತು. ಗೊಬ್ಬರದ ಅಂಕಿ ಹಂಗಲ್ಲ, ಅದಕ್ಕ ತೂಕ ಐತಿ. ಎರಡನ್ನೂ ಒಂದೇ ಕಣ್ಣಿಲೆ ನೋಡಿದ್ದೇ ನಮ್ಮ ದೊಡ್ಡ ತಪ್ಪು. ಇದು ಎಲ್ಲಿಂದ ಬಂತು ಅನ್ನೋದು ತಿಳಕೊಳ್ಳಲಿಕ್ಕೆ ಸ್ವಲ್ಪ ದೂರ ಹೋಗಬೇಕು.

ಜರ್ಮನಿಯೊಳಗ ಲೀಬಿಗ್ ಅನ್ನೋ ರಸಾಯನ ಪಂಡಿತ ಇದ್ದ. 1840ರಲ್ಲಿ ಅವನ ಪುಸ್ತಕ ಬಂತು. ಬೆಳಿ ಮಣ್ಣಿನಿಂದ ಕೆಲವು ಲವಣ ತಗೊಂತದ, ತಗೊಂಡದ್ದನ್ನ ತಿರುಗಿ ಕೊಡದೆ ಇದ್ದರೆ ಭೂಮಿ ಬಡವಾಗತದ ಅಂತ ಅವನು ಹೇಳಿದ. ಎರಡು ವರ್ಷಕ್ಕ, 1842ರಲ್ಲಿ, ಇಂಗ್ಲೆಂಡಿನ ಲಾಸ್ ಅನ್ನೋ ಜಮೀನುದಾರ ಸೂಪರ್ ಫಾಸ್ಫೇಟ್ ಮಾಡೋದಕ್ಕೆ ಹಕ್ಕು ಪಡೆದ. ಅದೇ ಕಾಲಕ್ಕ ದಕ್ಷಿಣ ಅಮೆರಿಕದ ಪೆರು ದೇಶದ ನಡುಗಡ್ಡೆಗಳಿಂದ ಹಕ್ಕಿ ಹಿಕ್ಕಿಯ ಗೊಬ್ಬರ, ಗ್ವಾನೋ ಅಂತಾರೆ, ಹಡಗು ತುಂಬಿ ಯುರೋಪಿಗೆ ಬರಲಿಕ್ಕೆ ಹತ್ತಿತು. ದುಡ್ಡು ಕೊಟ್ಟು ಗೊಬ್ಬರ ಕೊಳ್ಳೋ ಕಾಲ ಸುರುವಾಯ್ತು.

ದುಡ್ಡು ಬಂದಲ್ಲಿ ಮೋಸ ಬರತದ. ಗ್ವಾನೋದಾಗ ಉಸುಕು, ಮಣ್ಣು ಕಲಿಸಿದರು. ಪುಡಿ ಪುಡಿ ಇದ್ದದ್ದು, ನಾತ ಹೊಡಿಯೋದು, ಏನಿದ್ದರೂ ಮಾರಿದರು. ಅಲ್ಲಿಯ ರೈತನೂ ನಮ್ಮ ಹಂಗೇ ವಾಸನಿ ನೋಡಿ ತಗೊಂಡು ಮೋಸ ಹೋದ. ಆವಾಗ ಅಮೆರಿಕದ ಕನೆಕ್ಟಿಕಟ್ ರಾಜ್ಯದಾಗ ಸ್ಯಾಮ್ಯುಯೆಲ್ ಜಾನ್ಸನ್ ಅನ್ನೋ ಪ್ರಾಧ್ಯಾಪಕ 1850ರ ದಶಕದಲ್ಲಿ ಮಾರೋ ಗೊಬ್ಬರ ತಂದು ಪರೀಕ್ಷೆ ಮಾಡಿ, ಯಾವುದರಾಗ ಏನು ಎಷ್ಟು ಐತಿ ಅಂತ ರೈತರಿಗೆ ತಿಳಿಸಿದ. ಕೆಲವುಕ್ಕ ಕೊಟ್ಟ ರೊಕ್ಕದ ಬೆಲೆ ಇಲ್ಲ ಅಂತ ಬಯಲು ಮಾಡಿದ. ಆ ರಾಜ್ಯದಾಗ 1875ರಲ್ಲಿ ಕೃಷಿ ಪ್ರಯೋಗ ಕೇಂದ್ರ ಆಯ್ತು, ಗೊಬ್ಬರ ಪರೀಕ್ಷೆ ಅದರ ಮೊದಲ ಕೆಲಸದೊಳಗ ಒಂದು. ಇಂಗ್ಲೆಂಡಿನಲ್ಲಿ 1893ರಲ್ಲಿ ಗೊಬ್ಬರ ಮತ್ತು ದನದ ಮೇವಿನ ಕಾಯಿದೆ ಬಂತು. ಒಳಗೆ ಏನಿದೆ ಅನ್ನೋದನ್ನ ಮಾರುವವ ಹೇಳಿಯೇ ಮಾರಬೇಕು ಅನ್ನೋ ಪದ್ಧತಿ ಹಿಂಗ ಬೇರೂರಿತು.

ಇದನ್ನ ಓದಿದಾಗ ನನಗೆ ಒಂದು ಮಾತು ಮನಸಿಗೆ ನಾಟಿತು. ಚೀಲದ ಮ್ಯಾಲಿನ ಅಂಕಿ ಹುಟ್ಟಿದ್ದು ರೈತನನ್ನ ಮೋಸದಿಂದ ಉಳಿಸಲಿಕ್ಕೆ. ಅದು ನಮ್ಮ ಕೈಗೆ ಕೊಟ್ಟ ಬಡಿಗಿ. ಆ ಬಡಿಗಿಯನ್ನೇ ಕಳ್ಳ ಹಿಡಕೊಂಡ ಕತೆ ಮುಂದೆ ಬರತದ.

ನಮ್ಮ ದೇಶಕ್ಕ ಬಂದದ್ದು

ನಮ್ಮ ದೇಶದಾಗ 1906ರಲ್ಲಿ ಮದ್ರಾಸ ಪ್ರಾಂತದ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆ ಸುರುವಾಯ್ತು. ಸ್ವಾತಂತ್ರ್ಯ ಬಂದ ಮ್ಯಾಲೆ 1951ರಲ್ಲಿ ಸಿಂದ್ರಿಯ ದೊಡ್ಡ ಕಾರಖಾನೆ ನಡೀತು. 1957ರಲ್ಲಿ ಕೇಂದ್ರ ಸರಕಾರ ರಸಗೊಬ್ಬರ ನಿಯಂತ್ರಣ ಆದೇಶ ತಂದಿತು. ಅದನ್ನ 1985ರಲ್ಲಿ ಹೊಸದಾಗಿ ಬರೆದರು, ಅದೇ ಈಗಲೂ ನಡದದ. ಯಾವ ಗೊಬ್ಬರದಾಗ ಏನು ನೂರಕ್ಕೆ ಎಷ್ಟು ಇರಬೇಕು ಅಂತ ಅದರಾಗ ಕಟ್ಟು ಐತಿ, ಚೀಲದ ಮ್ಯಾಲೆ ಅದನ್ನ ಬರೀಬೇಕು ಅಂತ ಐತಿ. ಹಿಂಗ ಸರಕಾರ ಹಂಚಿ, ಸರಕಾರ ಬೆಲೆ ಕಟ್ಟಿ ಕೊಟ್ಟದ್ದಕ್ಕೇ ನಮ್ಮ ಮಂದಿ ಇದಕ್ಕ 'ಸರಕಾರಿ ಗೊಬ್ಬರ' ಅಂತ ಹೆಸರಿಟ್ಟರು.

ನಮ್ಮ ಊರಿಗೆ ಅಂಕಿ ತಂದದ್ದು ಮುಂಬಯಿ ಟ್ರಾಂಬೆ ಕಾರಖಾನೆಯ ಸುಫಲಾ, 15:15:15. ನಾನು ಆವಾಗ ಶಾಲೆ ಬಿಟ್ಟು ಕೂರಿಗಿ ಹಿಡಿಯೋದು ಕಲೀತಿದ್ದೆ. ಸೊಸಾಯಟಿಯ ಓಟದಾಗ ಚೀಲ ಒಟ್ಟಿದ್ದರು. ಅಪ್ಪನಿಗೆ ಓದಲಿಕ್ಕೆ ಬರತಿರಲಿಲ್ಲ. ಚೀಲದ ಮ್ಯಾಲೆ ಬರೆದದ್ದು ಮರಾಠಿ, ಹಿಂದಿ, ಇಂಗ್ಲೀಷು. ಕನ್ನಡ ಕಲಿತ ನನಗೂ ಅದು ಅರ್ಧಮರ್ಧ. ಆದರೆ 15 ಅನ್ನೋದು ಅಪ್ಪನಿಗೂ ಗೊತ್ತಾತು, ನನಗೂ ಗೊತ್ತಾತು. "ಪಂಧರಾ ಪಂಧರಾ ಕೊಡ್ರಿ" ಅಂತ ಬಾಯಿಪಾಠ ಆಯ್ತು.

ಇದನ್ನ ನಮ್ಮ ಗಡಿಯ ಮಂದಿ ವಿಚಾರ ಮಾಡಬೇಕು. 1960ರಲ್ಲಿ ಮಹಾರಾಷ್ಟ್ರ ಆದಾಗ ನಾವು ಈ ಕಡೆ ಉಳಿದೆವು. ಮನಿಯಾಗ ಕನ್ನಡ, ಕಚೇರಿಯೊಳಗ ಮರಾಠಿ, ಚೀಲದ ಮ್ಯಾಲೆ ಮೂರು ಭಾಷೆ. ಅಕ್ಷರ ನಮಗೆ ಪರದೇಶಿ ಆದರೂ ಅಂಕಿ ನಮ್ಮದಾಗಿತ್ತು. ಬಸ್ಸಿನ ನಂಬರು, ನೋಟಿನ ಮ್ಯಾಲಿನ ನಂಬರು, ಚೀಲದ ನಂಬರು, ಇಷ್ಟು ಓದಲಿಕ್ಕೆ ಬಂದರೆ ಬದುಕು ನಡೀತಿತ್ತು. ಓದಲಿಕ್ಕೆ ಬರೋದು ಅಂಕಿ ಒಂದೇ ಅಂದ ಮ್ಯಾಲೆ ನಾವು ಅದನ್ನೇ ನಂಬಿದೆವು.

ಅಂಕಿ ಏನು ಹೇಳತದ

ಮೂರು ಅಂಕಿ ಇದ್ದರೆ ಮೊದಲನೇದು ಸಾರಜನಕ, ಎರಡನೇದು ರಂಜಕ, ಮೂರನೇದು ಪೊಟ್ಯಾಷ್. ನೂರು ಕಿಲೋಕ್ಕ ಎಷ್ಟು ಅನ್ನೋ ಲೆಕ್ಕ ಅದು. 50 ಕಿಲೋ ಚೀಲ ಇದ್ದರೆ ಅಂಕಿಯ ಅರ್ಧ ಹಿಡೀಬೇಕು. 15:15:15ರ ಚೀಲದಾಗ ಮೂರೂ ಏಳೂವರೆ ಏಳೂವರೆ ಕಿಲೋ. 10:26:26ರಾಗ ಸಾರಜನಕ 5 ಕಿಲೋ, ಉಳಿದೆರಡು 13 ಕಿಲೋ. ಡಿಎಪಿ ಅಂದ್ರೆ 18:46, ಅದರಾಗ ಸಾರಜನಕ 9 ಕಿಲೋ, ರಂಜಕ 23 ಕಿಲೋ, ಪೊಟ್ಯಾಷ್ ಇಲ್ಲ.

ಹಂಗಾದ್ರೆ ಉಳಿದದ್ದು ಏನು? ಯುರಿಯಾದಾಗ ಸಾರಜನಕ ನೂರಕ್ಕೆ 46. "ಉಳಿದ 54 ಮಣ್ಣು ಕಲಿಸ್ಯಾರ" ಅಂತ ಕಟ್ಟಿಯ ಮ್ಯಾಲೆ ಕುಂತು ವಾದ ಮಾಡಿದವರನ್ನ ನಾನು ಕಂಡೀನಿ. ಮಣ್ಣಲ್ಲ ಅದು. ಸಾರಜನಕ ಗಾಳಿಯಾಗಿ ಇರೋ ವಸ್ತು, ಅದನ್ನ ಹಿಡಿದು ಕಾಳು ಮಾಡಬೇಕಾದರೆ ಇಂಗಾಲ, ಆಮ್ಲಜನಕ, ಜಲಜನಕದ ಜೊತೆ ಕಟ್ಟಬೇಕು. ಎತ್ತು ಇಲ್ಲದೆ ಬಂಡಿ ಬರೋದಿಲ್ಲ, ಎತ್ತಿನ ತೂಕವೂ ಸೇರಿ 100.

ಇನ್ನೊಂದು ಗುಟ್ಟು ಐತಿ. ಎರಡನೇ ಅಂಕಿ ಖರೇ ರಂಜಕದ ತೂಕ ಅಲ್ಲ. ಹಿಂದಿನ ಪಂಡಿತರು ಗಿಡ ಸುಟ್ಟು ಬೂದಿ ಮಾಡಿ, ಆ ಬೂದಿಯೊಳಗ ಆಮ್ಲಜನಕ ಕೂಡಿದ ರೂಪದಾಗ ತೂಕ ಮಾಡತಿದ್ದರು. ಆ ರೂಢಿ ಹಂಗೇ ಉಳಿದದ. ಅದಕ್ಕೇ ಡಿಎಪಿಯ 46ರಾಗ ಬರೀ ರಂಜಕ ಸುಮಾರು 20 ಮಾತ್ರ. ಪೊಟ್ಯಾಷ್ ಅನ್ನೋ ಮಾತೇ ಮಡಿಕಿಯ ಬೂದಿ ಅನ್ನೋ ಇಂಗ್ಲೀಷ ಮಾತಿನಿಂದ ಬಂದದ್ದು. ನಮ್ಮವ್ವ ಒಲಿ ಬೂದಿ ತಂದು ಬದನಿ ಗಿಡಕ್ಕ ಹಾಕತಿದ್ದಳು, ಅದೇ ಇದು. ಇದು ಮೋಸ ಅಲ್ಲ, ಹಳೇ ರೂಢಿ. ಎಲ್ಲ ಚೀಲಕ್ಕೂ ಒಂದೇ ರೂಢಿ ಇರೋದರಿಂದ ಒಂದನ್ನ ಇನ್ನೊಂದಕ್ಕ ಹೋಲಿಸಲಿಕ್ಕೆ ಅಡ್ಡಿ ಇಲ್ಲ.

ತಿಳಿದದ್ದು ಒಂದು, ಇದ್ದದ್ದು ಒಂದು

ದ್ರಾಕ್ಷಿ ಬಂದ ಮ್ಯಾಲೆ ನಮ್ಮ ಸೀಮೆಯೊಳಗ ಅಂಕಿಯ ಜಾತ್ರಿಯೇ ಆಯ್ತು. ನೀರಾಗ ಕರಗೋ ಗೊಬ್ಬರ, 19:19:19, 12:61:0, 0:52:34, 13:0:45, 0:0:50. ಒಬ್ಬ ಹುಡುಗ ಮೊದಲ ವರ್ಷ ದ್ರಾಕ್ಷಿ ಹಚ್ಚಿದ್ದ. ಕಾಯಿ ಹಣ್ಣಿಗೆ ತಿರುಗೋ ಹೊತ್ತಿಗೆ ಅಂಗಡಿಯವರು 0:0:50 ಕೊಟ್ಟರೆ, "ಎರಡು ಸೊನ್ನಿ ಇರೋ ಮಾಲು ನನಗ ಕೊಡತೀರೇನ್ರಿ? ಹತ್ತೊಂಬತ್ತರದ್ದೇ ಕೊಡ್ರಿ, ಮೂರೂ ಕಡೆ ತುಂಬೇತಿ" ಅಂತ ಜಗಳಾಡಿ ಅದನ್ನೇ ಒಯ್ದ. ಹಣ್ಣಾಗೋ ಹೊತ್ತಿಗೆ ಸಾರಜನಕ ಬ್ಯಾಡ, ಪೊಟ್ಯಾಷ್ ಬೇಕು. ಆ ಸೊನ್ನಿಯೇ ಅಲ್ಲಿ ಔಷಧ. ಬಳ್ಳಿ ಹಸರ ಆಗಿ ಚಿಗುರಿತು, ಹಣ್ಣಿಗೆ ಸವಿ ಬರಲಿಲ್ಲ.

ಹೆಸರು ಅದೇ ಉಳಿದು ತೂಕ ಇಳಿಯೋದೂ ಐತಿ. ಯುರಿಯಾ ಚೀಲ ಹಿಂದೆ 50 ಕಿಲೋ ಇತ್ತು. 2018ರಿಂದ 45 ಕಿಲೋ ಆಯ್ತು. ರೈತ ಕಿಲೋ ಲೆಕ್ಕ ಹಿಡಿಯೋದಿಲ್ಲ, ಚೀಲ ಲೆಕ್ಕ ಹಿಡೀತಾನ, ಚೀಲ ಸಣ್ಣದಾದರೆ ಯುರಿಯಾ ಕಡಿಮಿ ಬೀಳತದ ಅನ್ನೋದೇ ಸರಕಾರದ ವಿಚಾರ ಇತ್ತು. ನಮ್ಮ ಸ್ವಭಾವ ಅವರಿಗೆ ಸರಿಯಾಗಿ ಗೊತ್ತಿತ್ತು ಅನ್ನಬೇಕು. 2023ರಲ್ಲಿ ಗಂಧಕ ಲೇಪಿಸಿದ ಯುರಿಯಾ ಬಂತು, ಅದರ ಚೀಲ 40 ಕಿಲೋ. ಎಕರೆಗೆ ಒಂದು ಚೀಲ ಅನ್ನೋ ಮಾತು ಮೂರು ಕಾಲದಾಗ ಮೂರು ಅರ್ಥ ಆಯ್ತು.

2021ರಲ್ಲಿ ಅರ್ಧ ಲೀಟರಿನ ನ್ಯಾನೋ ಯುರಿಯಾ ಬಾಟಲಿ ಬಂತು. ಒಂದು ಬಾಟಲಿ ಒಂದು ಚೀಲಕ್ಕ ಸಮ ಅಂತ ಹೇಳಿದರು. ಮೊದಲು ಬಂದ ಬಾಟಲಿಯೊಳಗ ಸಾರಜನಕ ನೂರಕ್ಕೆ 4, ಅಂದ್ರೆ ಅರ್ಧ ಲೀಟರಿಗೆ 20 ಗ್ರಾಂ. 45 ಕಿಲೋ ಚೀಲದಾಗ ಇರೋದು 20 ಕಿಲೋದ ಮ್ಯಾಲೆ. ಎಲಿಯಿಂದ ನೇರ ಹೋಗತದ, ಅದಕ್ಕ ಸಾಕಾಗತದ ಅಂತ ಮಾಡಿದವರು ಹೇಳತಾರ, ಹಂಗಾಗೋದಿಲ್ಲ ಅಂತ ಬ್ಯಾರೆ ಪಂಡಿತರು ವಾದ ಮಾಡತಾರ. ಅವರ ವಾದ ಅವರು ತೀರಿಸಿಕೊಳ್ಳಲಿ. 'ಒಂದಕ್ಕ ಒಂದು' ಅನ್ನೋ ಮಾತು ಕೇಳಿದ ಕೂಡಲೇ ಎಷ್ಟರ ಒಂದು, ಯಾವುದರ ಒಂದು ಅಂತ ಕೇಳೋದನ್ನ ನಾವು ಬಿಡಬಾರದು.

ಗೊಬ್ಬರ ಬಿಟ್ಟು ಮನಿಯೊಳಗ ಬಂದರೂ ಇದೇ. 916 ಬಂಗಾರ ಅಂದ್ರೆ ಸಾವಿರ ಪಾಲಿನಾಗ 916 ಪಾಲು ಬಂಗಾರ, 24ರಾಗ 22, ಅದೇ 22 ಕ್ಯಾರೆಟ್. ಅದು ಹೊಸ ಜಾತಿಯ ಬಂಗಾರ ಅಲ್ಲ. ಕೆಡಿಎಂ ಅಂದ್ರೆ ಬೆಸುಗೆ ಹಾಕಲಿಕ್ಕೆ ಬಳಸೋ ಕ್ಯಾಡ್ಮಿಯಂ, ಶುದ್ಧತೆಯ ಅಳತಿಯೇ ಅಲ್ಲ. ಆದರೂ ಲಗ್ಗಣದ ಮನಿಯೊಳಗ "ನಮ್ಮದು ಕೆಡಿಎಂ" ಅಂತ ಜಂಬ ಹೇಳತಾರೆ. ಸಿಮೆಂಟಿನ 43, 53 ಅಂದ್ರೆ 28 ದಿವಸಕ್ಕ ಅದು ಎಷ್ಟು ಭಾರ ತಡೀತದ ಅನ್ನೋ ಪರೀಕ್ಷೆಯ ಅಂಕಿ. 53 ಲಗೂನೆ ಬಿಗೀತದ, ಕಾವೂ ಹೆಚ್ಚು, ನೀರು ಸರಿಯಾಗಿ ಉಣಿಸದೆ ಇದ್ದರೆ ಬಿರಿತದ. ಗಿಲಾವಿಗೆ ಅಷ್ಟು ಬೇಕಾಗೋದಿಲ್ಲ. "ದೊಡ್ಡ ನಂಬರಿನ ಸಿಮೆಂಟು ಹಾಕೀನಿ, ನೀರು ಯಾಕ ಬೇಕು" ಅಂದವರ ಗ್ವಾಡಿ ಬಿರಕು ಬಿಟ್ಟದ್ದನ್ನ ನೋಡೀನಿ.

ನಾನು ಹಾಡಿದ ಪದ

ಈಗ ನನ್ನ ತಪ್ಪಿಗೆ ಬರತೀನಿ.

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಉತ್ತರಿ ಮಳಿ ಚಲೋ ಆಗಿ ಹಿಂಗಾರಿ ಬಿತ್ತಿಗೆ ಹೊಲ ಹದಕ್ಕ ಬಂದಿತ್ತು. ಡಿಎಪಿ ಎಲ್ಲೂ ಸಿಗವಲ್ಲದು. ಮುಂಜಾನೆ ಐದಕ್ಕ ಹೋಗಿ ಪಾಳಿ ಹಚ್ಚಿದರೂ ಖಾಲಿ ಕೈಲೆ ಬರೋದು. ಅಂಥಾ ಹೊತ್ತಿನಾಗ ಇಬ್ಬರು ಹುಡುಗರು ಗಾಡಿ ತಗೊಂಡು ನಮ್ಮ ಮನಿಗೆ ಬಂದರು. "ಕಾಕಾ, ನಿಮ್ಮ ಪದ ಕೇಳೇವಿ. ಸಂತಿಯೊಳಗ ನಮ್ಮ ಗೊಬ್ಬರದ ಮ್ಯಾಲೆ ಒಂದು ಗೀಗೀ ಪದ ಕಟ್ಟಿ ಹಾಡ್ರಿ" ಅಂದರು. ಒಂದು ಶಾಲು, ಒಂದೂವರೆ ಸಾವಿರ ರೂಪಾಯಿ, ಎರಡು ಚೀಲ ಗೊಬ್ಬರ ಪುಕ್ಕಟೆ. ಚೀಲ ನೋಡಿದೆ. ಬಣ್ಣ ಡಿಎಪಿ ಚೀಲದ್ದೇ. ನಡುವೆ ದೊಡ್ಡದಾಗಿ 18-46. ನಾನು ಅಷ್ಟೇ ಓದಿದೆ.

ಸಂತಿ ದಿವಸ ದಪ್ಪು ಬಡಿದು, ತುಂತುಣಿ ಮೀಟಿ ಹಾಡಿದೆ. ಹದಿನೆಂಟು ಮತ್ತು ನಾಲ್ವತ್ತಾರನ್ನ ಪ್ರಾಸಕ್ಕ ತಂದು, ಹಿಮ್ಮೇಳದವರ ಬಾಯಿಲೆ ಮೂರು ಮೂರು ಸಲ ಹೇಳಿಸಿದೆ. ಮಂದಿ ಕುಣಿದರು. ಗಾಡಿ ಸಂಜಿಯೊಳಗ ಖಾಲಿ ಆಯ್ತು. ನಮ್ಮ ಊರಿನವರೇ ಹನ್ನೊಂದು ಮನಿಯವರು ತಂದಿದ್ದರು. ನಮ್ಮ ಓಣಿಯ ಅಕ್ಕ ಒಬ್ಬಾಕಿ, ಗಂಡ ತೀರಿಕೊಂಡಾಕಿ, ಬಡ್ಡಿಲೆ ರೊಕ್ಕ ತಂದು ನಾಕು ಚೀಲ ಒಯ್ದಿದ್ದಳು. ಬೆಲೆ ಡಿಎಪಿಗಿಂತ ಐವತ್ತು ರೂಪಾಯಿ ಅಷ್ಟೇ ಕಡಿಮಿ.

ಜೋಳ ಹುಟ್ಟಿತು. ಇಪ್ಪತ್ತು ದಿವಸಕ್ಕ ಎಲಿ ಹಳದಿ ತಿರುಗಿತು, ಕೆಲವು ಕಡೆ ನೇರಳಿ ಬಣ್ಣ. ಬದುವಿನ ಆ ಕಡೆ ಹಳೇ ಡಿಎಪಿ ಇಟ್ಟುಕೊಂಡಿದ್ದವರ ಹೊಲ ಕರ್ರಗ ಹಸರು. ಆ ವರ್ಷ ಮುಂದೆ ಮಳಿಯೂ ಕೈ ಕೊಟ್ಟಿತು, ಎಲ್ಲಾ ಪಾಪ ಚೀಲದ್ದೇ ಅಂತ ನಾನು ಅನ್ನಲಾರೆ. ಆದರೆ ಒಂದೇ ಮಳಿ, ಒಂದೇ ಮಣ್ಣು, ನಡುವೆ ಒಂದು ಬದು. ಆ ಕಡೆ ನಾಕು ಚೀಲ ಜೋಳ ಆದಲ್ಲಿ ಈ ಕಡೆ ಎರಡು.

ಚೀಲ ತಗೊಂಡು ಮಾಸ್ತರ್ರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರ ಓದಿದರು. ರಂಜಕ ಹೆಚ್ಚಿರೋ ಸಾವಯವ ಗೊಬ್ಬರ ಅಂತ ಬರೆದಿತ್ತು. ಸಾರಜನಕ ನೂರಕ್ಕೆ 0.4, ರಂಜಕ ನೂರಕ್ಕೆ 10.4. ಹಂಗಾದ್ರೆ 18-46 ಎಲ್ಲಿಂದ ಬಂತು? ಅದು ಮಾಲಿನ ಹೆಸರು. ಹುಡುಗನಿಗೆ 'ರಾಜಾ' ಅಂತ ಹೆಸರಿಟ್ಟಂಗ, 18-46 ಅಂತ ಹೆಸರಿಟ್ಟಿದ್ದರು. ಮಾಸ್ತರ್ರು ಹಲಗಿಯ ಮ್ಯಾಲೆ ಲೆಕ್ಕ ಬರೆದು ತೋರಿಸಿದರು. ಡಿಎಪಿ ಚೀಲದಾಗ ಸಾರಜನಕ 9 ಕಿಲೋ, ಇದರಾಗ 200 ಗ್ರಾಂ. ಅದರಾಗ ರಂಜಕ 23 ಕಿಲೋ, ಇದರಾಗ 5 ಕಿಲೋ 200 ಗ್ರಾಂ. 200 ಗ್ರಾಂ ಅನ್ನೋದನ್ನ ಕೇಳಿ ನನ್ನ ಎದಿ ಧಸಕ್ ಅಂತು. ಒಂದು ಹಿಡಿ ಕಾಳಿನಷ್ಟು.

ದೂರು ಕೊಟ್ಟೆವು. ಅಧಿಕಾರಿ ಚೀಲ ತಿರುಗಿಸಿ ನೋಡಿ, "ಒಳಗೆ ಏನಿದೆ ಅಂತ ಬರೆದೇ ಇದ್ದಾರಲ್ಲ, ನೀವು ಓದಬೇಕಿತ್ತು" ಅಂದರು. ಪಾವತಿ ಕೇಳಿದರು, ಯಾರ ಹತ್ತಿರವೂ ಇರಲಿಲ್ಲ. ಗಾಡಿಯ ಹುಡುಗರ ಫೋನು ಹತ್ತಲಿಲ್ಲ. ಅಲ್ಲಿಗೇ ಮುಗೀತು.

ಒಂದು ಮಾತು ನ್ಯಾಯಕ್ಕ ಹೇಳಬೇಕು. ಆ ಗೊಬ್ಬರ ಸುಳ್ಳಲ್ಲ. ಅಂಥಾ ಗೊಬ್ಬರಕ್ಕೂ ಆದೇಶದಾಗ ಜಾಗ ಐತಿ, ನಿಧಾನಕ್ಕ ಭೂಮಿಗೆ ಕೊಡೋ ಗುಣ ಐತಿ. ಅದರ ಬೆಲೆಗೆ ಅದನ್ನ ಅದರ ಹೆಸರಿಲೆ ಮಾರಿದ್ದರೆ ತಕರಾರಿಲ್ಲ. ಗೊಬ್ಬರ ಖರೇ, ಹೆಸರು ಸುಳ್ಳು. ಆ ಸುಳ್ಳನ್ನ ಪದ ಕಟ್ಟಿ ಊರ ತುಂಬ ಹಾಡಿದವ ನಾನು.

ಓಣಿಯ ಅಕ್ಕ ಬೈಯಲಿಲ್ಲ. "ತಮ್ಮಾ, ಚೀಲ ನೋಡಿ ತರಲಿಲ್ಲೋ ನಾ, ನೀ ಹಾಡಿದಿ ಅಂತ ತಂದೆ" ಅಂದಳು. ಬೈದಿದ್ದರೆ ಸಲೀಸು ಆಗತಿತ್ತು. ಆ ಒಂದೂವರೆ ಸಾವಿರ ಆಕಿಯ ಬಡ್ಡಿಗೆ ಕೊಟ್ಟೆ. ಅಸಲು ಆಕಿ ಮೂರು ವರ್ಷ ಕೂಲಿ ಮಾಡಿ ತೀರಿಸಿದಳು. ಶಾಲು ಇನ್ನೂ ಗೂಟಕ್ಕ ಐತಿ, ಹೊದಿಯೋ ಮನಸಾಗಿಲ್ಲ. ಆವತ್ತಿನಿಂದ ಯಾವ ಮಾಲಿನ ಮ್ಯಾಲೂ ನಾನು ಪದ ಹಾಡಿಲ್ಲ.

ಈಗ ಏನು ಮಾಡತೀವಿ

2022ರ ಅಕ್ಟೋಬರದಿಂದ ಸಬ್ಸಿಡಿ ಗೊಬ್ಬರಕ್ಕ ದೇಶಕ್ಕೆಲ್ಲ ಒಂದೇ ಹೆಸರು ಬಂದದ, ಭಾರತ ಯುರಿಯಾ, ಭಾರತ ಡಿಎಪಿ, ಭಾರತ ಎನ್‌ಪಿಕೆ. ಕಂಪನಿ ಯಾವುದಾದರೂ ಚೀಲ ಒಂದೇ ನಮೂನಿ. ಹಿಂಗಾದಾಗ ಒಂದು ಎನ್‌ಪಿಕೆ ಚೀಲಕ್ಕೂ ಇನ್ನೊಂದಕ್ಕೂ ಇರೋ ಅಂತರ ಅಂಕಿಯೊಳಗೇ ಐತಿ. ಅಂಕಿ ಬಿಟ್ಟು ಬದುಕಲಿಕ್ಕೆ ಬರೋದಿಲ್ಲ. ಅದನ್ನ ಓದೋ ರೀತಿ ಕಲೀಬೇಕು.

ನಮ್ಮ ವಾಚನಾಲಯದಾಗ ಬಿತ್ತಿಗೆಯ ಮುಂದೆ ಒಂದು ಸಂಜಿ ಚೀಲ ಓದೋ ಕೆಲಸ ಇಟ್ಟೀವಿ. ಖಾಲಿ ಚೀಲ ತರತಾರೆ, ಶಾಲೆಯ ಹುಡುಗರು ಮರಾಠಿ ಓದಿ ಕನ್ನಡದಾಗ ಹೇಳತಾರೆ, ದೊಡ್ಡವರು ಕೇಳತಾರೆ. ನಾಕು ಮಾತು ನೋಡತೀವಿ. ಅಂಕಿ ಬರೀ ಹೆಸರಿನ ಜೊತೆ ಐತೋ, ಇಲ್ಲಾ ಸಾರಜನಕ ನೂರಕ್ಕೆ ಇಷ್ಟು, ರಂಜಕ ನೂರಕ್ಕೆ ಇಷ್ಟು ಅಂತ ಬಿಡಿಸಿ ಬರೆದಾರೋ? ಗೊಬ್ಬರದ ಜಾತಿ ಯಾವುದು ಅಂತ ಬರೆದಾರೆ? ಚೀಲದ ತೂಕ ಎಷ್ಟು? ಪಾವತಿ ಕೊಟ್ಟಾರೋ ಇಲ್ಲೋ, ಪಾವತಿಯ ಮ್ಯಾಲೆ ಅದೇ ಹೆಸರು ಐತೋ ಇಲ್ಲೋ? ಇಷ್ಟು ನೋಡಲಿಕ್ಕೆ ಒಂದು ಬೀಡಿ ಸೇದೋ ಹೊತ್ತು ಸಾಕು.

ಹೋದ ವರ್ಷ ಆ ಅಕ್ಕನೂ ಮೊಮ್ಮಗಳ ಕೈ ಹಿಡಕೊಂಡು ಬಂದಿದ್ದಳು. ಆಕಿಗೆ ಈಗ ಎಪ್ಪತ್ತರ ಮ್ಯಾಲೆ. ಹುಡುಗಿ ಚೀಲ ನೋಡಿದಾಕಿನೇ "ಆಯೀ, ಇಪ್ಪತ್ತು ಇಪ್ಪತ್ತು ಐತಿ" ಅಂತ ಕೂಗಿತು. ಅಕ್ಕ ಆಕಿಯ ತಲಿ ಮ್ಯಾಲೆ ಕೈ ಇಟ್ಟು ಹೇಳಿದಳು:

"ಅಂಕಿ ನನಗೂ ಕಾಣತೈತವ್ವಾ. ಅಂಕಿ ಮುಂದ ಏನ ಬರದಾರ, ಅದನ್ನ ಓದು."